ಹಿಯರಿಂಗ್ ಏಡ್ ಇದ್ದರೂ ಸಭೆಯಲ್ಲಿ ಮಾತು ಕೇಳಿಸುವುದಿಲ್ಲವೇಕೆ?

ಮನೆಯಲ್ಲಿ ಎದುರು ಕೂತು ಮಾತನಾಡಿಸಿದರೆ ಹಿಯರಿಂಗ್ ಏಡ್ ಹಾಕಿಕೊಂಡ ಅಜ್ಜನಿಗೆ ಎಲ್ಲವೂ ಕೇಳಿಸುತ್ತದೆ. ಅವರೇ ನಾಟಕಕ್ಕೋ ಉಪನ್ಯಾಸಕ್ಕೋ ಹೋಗಿ ಬಂದರೆ "ಸದ್ದು ಕೇಳಿಸಿತು, ಮಾತು ತಿಳಿಯಲಿಲ್ಲ" ಅನ್ನುತ್ತಾರೆ. ಅಲ್ಲಿ ಮೈಕ್ ಇತ್ತು, ದೊಡ್ಡ ಸ್ಪೀಕರ್ ಇತ್ತು; ಹಾಗಾದರೆ ಮಷೀನೇ ಸರಿಯಿಲ್ಲ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಬಹಳಷ್ಟು ಸಲ ತಪ್ಪು ಮಷೀನಿನದಲ್ಲ, ದೂರದ್ದು.

ಹಿಯರಿಂಗ್ ಏಡ್‌ನ ಮೈಕ್ ಇರುವುದು ಕೇಳುಗರ ಕಿವಿಯ ಬಳಿ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸಭಾಂಗಣದಲ್ಲಾದರೆ ಇದರ ಜೊತೆಗೆ ಗೋಡೆ-ಚಾವಣಿಗಳಿಗೆ ಬಡಿದು ಬಂದ ಸದ್ದು, ಫ್ಯಾನಿನ ಗುಂಯ್, ಪಕ್ಕದವರ ಕೆಮ್ಮು ಎಲ್ಲವೂ ಸೇರಿಕೊಳ್ಳುತ್ತವೆ. ಈಗಿನ ಸಾಧನಗಳು ಗದ್ದಲವನ್ನು ಒಂದಷ್ಟು ಸೋಸುತ್ತವೆ ನಿಜ, ಆದರೆ ದೂರದ ಮಾತನ್ನು ಈ ಕಲಸುಮೇಲೋಗರದಿಂದ ಪೂರ್ತಿ ಬಿಡಿಸಿ ಕೊಡಲಾರವು. ಸ್ಪೀಕರಿನ ಸದ್ದು ಏರಿಸಿದರೆ ಪ್ರತಿಧ್ವನಿಯೂ ಏರುತ್ತದೆ, ಅಷ್ಟೇ.

ಇದಕ್ಕಿರುವ ಉಪಾಯ, ವೇದಿಕೆಯ ಮೈಕಿಗೆ ಬಿದ್ದ ಮಾತನ್ನು ಗಾಳಿಯಲ್ಲಿ ಚೆದುರಲು ಬಿಡದೆ ನೇರವಾಗಿ ಕಿವಿಗೆ ಕಳಿಸುವುದು.

ಹಾಗೆ ಕಳಿಸುವ ವಿಧಾನಗಳಲ್ಲಿ ತುಂಬ ಹಳೆಯದು ಹಿಯರಿಂಗ್ ಲೂಪ್. ಜೋಸೆಫ್ ಪೋಲಿಯಕಾಫ್ ಎಂಬುವರು ಬ್ರಿಟನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು 1937ರಲ್ಲಿ. ಸಭಾಂಗಣದ ಸುತ್ತ, ನೆಲಹಾಸಿನಡಿಯಲ್ಲಿ ತಾಮ್ರದ ತಂತಿ ಹಾಯಿಸಿರುತ್ತಾರೆ. ಮೈಕಿನ ಧ್ವನಿಗೆ ತಕ್ಕಂತೆ ಏರಿಳಿಯುವ ವಿದ್ಯುತ್ ಅದರಲ್ಲಿ ಹರಿದಾಗ ಕೋಣೆಯೊಳಗೆ ಕಾಂತಕ್ಷೇತ್ರ ಉಂಟಾಗುತ್ತದೆ. ಅನೇಕ ಹಿಯರಿಂಗ್ ಏಡ್‌ಗಳಲ್ಲಿ ಟೆಲಿಕಾಯಿಲ್ ಎಂಬ ಪುಟ್ಟ ತಂತಿಸುರುಳಿ ಇರುತ್ತದೆ. ಆ ಕ್ಷೇತ್ರ ಬದಲಾದಂತೆ ಸುರುಳಿಯಲ್ಲೂ ವಿದ್ಯುತ್ ಹುಟ್ಟಿ ಮತ್ತೆ ಧ್ವನಿಯಾಗುತ್ತದೆ. ಶಾಲೆಯಲ್ಲಿ ಓದಿದ ಟ್ರಾನ್ಸ್‌ಫಾರ್ಮರ್ ನೆನಪಿದ್ದರೆ, ಇದು ಅದೇ! ಇಲ್ಲಿ ಮೊದಲ ಸುರುಳಿ ಇಡೀ ಕೋಣೆಯಷ್ಟು ದೊಡ್ಡದು, ಎರಡನೆಯದು ಕಿವಿಯ ಹಿಂದೆ ಅಡಗುವಷ್ಟು ಚಿಕ್ಕದು.

ಟೆಲಿಕಾಯಿಲ್ ಮೊದಲಿಗೆ ಬಂದದ್ದು ಸಭೆಗಳಿಗಾಗಿ ಅಲ್ಲ, ಹೆಸರೇ ಹೇಳುವಂತೆ ಟೆಲಿಫೋನಿಗಾಗಿ. ಹಳೆಯ ರಿಸೀವರುಗಳಿಂದ ಸೋರುತ್ತಿದ್ದ ಕಾಂತಕ್ಷೇತ್ರವನ್ನು ಅದು ಹಿಡಿಯುತ್ತಿತ್ತು.

ಕಾಂತಕ್ಷೇತ್ರ ಎಂದ ಕೂಡಲೇ ಗಾಬರಿ ಬೇಡ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಲೂಪಿನ ಕ್ಷೇತ್ರ ಗಟ್ಟಿ ಧ್ವನಿಯ ಹೊತ್ತಿನಲ್ಲಿ ಮೀಟರಿಗೆ 400 ಮಿಲಿಆಂಪಿಯರ್‌ನಷ್ಟಿರಬೇಕು. ನಾವು ಹುಟ್ಟಿದಾಗಿನಿಂದ ಬದುಕುತ್ತಿರುವ ಭೂಮಿಯ ಕಾಂತಕ್ಷೇತ್ರ ಇದರ ಹಲವು ಹತ್ತು ಪಟ್ಟು ಪ್ರಬಲ.

ಲೂಪಿನ ದೊಡ್ಡ ಗುಣವೆಂದರೆ ಯಾರನ್ನೂ ಏನೂ ಕೇಳಬೇಕಿಲ್ಲ. ಯಾವ ಕಂಪನಿಯ ಸಾಧನವಾದರೂ ಆಗಲಿ, 'ಟಿ' ಆಯ್ಕೆಗೆ ಬದಲಿಸಿಕೊಂಡರೆ ಆಯಿತು. ಬ್ರಿಟನ್ನಿನ ಚರ್ಚು, ರಂಗಮಂದಿರ, ಟಿಕೆಟ್ ಕೌಂಟರುಗಳಲ್ಲಿ ಕಿವಿಯ ಚಿತ್ರ ಮತ್ತು 'ಟಿ' ಅಕ್ಷರವಿರುವ ಫಲಕ ಕಂಡರೆ ಅಲ್ಲಿ ಲೂಪ್ ಇದೆ ಎಂದರ್ಥ. ಕಟ್ಟಡದ ಕಬ್ಬಿಣ ಕ್ಷೇತ್ರವನ್ನು ಕುಗ್ಗಿಸುವುದು, ಪಕ್ಕದ ಕೋಣೆಗೂ ಮಾತು ಸೋರುವುದು ಇದರ ತೊಂದರೆಗಳು.

ಎಫ್‌ಎಂ ಮತ್ತು ಇನ್‌ಫ್ರಾರೆಡ್ ವ್ಯವಸ್ಥೆಗಳಲ್ಲಿ ಕೇಳುಗರಿಗೆ ಪ್ರತ್ಯೇಕ ರಿಸೀವರ್ ಬೇಕು. ಇನ್‌ಫ್ರಾರೆಡ್ ಬೆಳಕು ಗೋಡೆ ದಾಟದು, ಹಾಗಾಗಿ ಗುಟ್ಟು ಮುಖ್ಯವಾದ ನ್ಯಾಯಾಲಯಗಳಿಗೆ ಅನುಕೂಲ. ಬಿಸಿಲಿನಲ್ಲಿ ಮಾತ್ರ ಕೆಲಸಕ್ಕೆ ಬಾರದು. ಇವುಗಳ ನಿಜವಾದ ತೊಡಕು ತಂತ್ರಜ್ಞಾನದ್ದಲ್ಲ. ಕೌಂಟರಿಗೆ ಹೋಗಿ "ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ" ಎಂದು ಹೇಳಿ, ಇನ್ಯಾರೋ ಬಳಸಿದ ಹೆಡ್‌ಫೋನ್ ಈಸಿಕೊಳ್ಳುವುದಕ್ಕೆ ಅನೇಕರಿಗೆ ಮನಸ್ಸಾಗುವುದಿಲ್ಲ.

ಹೊಸ ಸೇರ್ಪಡೆ 2022ರಲ್ಲಿ ಹೆಸರು ಪಡೆದ ಆರಾಕಾಸ್ಟ್. ಮಾಮೂಲಿ ಬ್ಲೂಟೂತ್‌ನಲ್ಲಿ ಎರಡು ಸಾಧನಗಳು ಜೋಡಿಯಾಗಬೇಕು. ಆರಾಕಾಸ್ಟ್ ರೇಡಿಯೋ ಕೇಂದ್ರದ ಹಾಗೆ: ಒಂದು ಪ್ರಸಾರ, ವ್ಯಾಪ್ತಿಯಲ್ಲಿರುವ ಎಷ್ಟು ಜನರಾದರೂ ಕೇಳಬಹುದು. ವಿಮಾನ ನಿಲ್ದಾಣದಲ್ಲಿ ತಮ್ಮ ಗೇಟಿನ ಪ್ರಕಟಣೆಯನ್ನಷ್ಟೇ ಆರಿಸಿಕೊಳ್ಳಲೂ ಇದರಲ್ಲಿ ಸಾಧ್ಯ. ಆದರೆ ಪೆಟ್ಟಿಗೆಯ ಮೇಲೆ 'ಬ್ಲೂಟೂತ್' ಎಂದಿದ್ದ ಮಾತ್ರಕ್ಕೆ ಆರಾಕಾಸ್ಟ್ ಸಿಗುತ್ತದೆ ಎಂದುಕೊಳ್ಳಬೇಡಿ. ಸಾಧನ ಅದನ್ನು ಬೆಂಬಲಿಸಬೇಕು, ಸಭಾಂಗಣದಲ್ಲೂ ಪ್ರಸಾರಯಂತ್ರ ಇರಬೇಕು. ಹಾಗಾಗಿ ಲೂಪಿನ ಕಾಲ ಮುಗಿಯಿತು ಎನ್ನುವುದು ಅವಸರದ ಮಾತು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷವಿದೆ. ಸಾರ್ವಜನಿಕ ಸ್ಥಳಗಳು ಎಲ್ಲರ ಬಳಕೆಗೂ ಒದಗಬೇಕೆಂಬುದು ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಆಶಯವೂ ಹೌದು. ಆದರೂ ಆ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಗಾಲಿಕುರ್ಚಿಯ ಇಳಿಜಾರು. ಕಿವಿಯ ಸರದಿ ಬರುವುದು ತಡವಾಗಿ.

ಹೊಸ ಹಿಯರಿಂಗ್ ಏಡ್ ಕೊಳ್ಳುವವರು ಆಡಿಯಾಲಜಿಸ್ಟ್ ಬಳಿ ಎರಡು ಪ್ರಶ್ನೆ ಕೇಳಿ: ಇದರಲ್ಲಿ ಟೆಲಿಕಾಯಿಲ್ ಇದೆಯೇ, ಆರಾಕಾಸ್ಟ್ ಇದೆಯೇ? ಕಿವಿಯೊಳಗೆ ಪೂರ್ತಿ ಅಡಗುವ ಮಾದರಿಗಳಲ್ಲಿ ಸಾಮಾನ್ಯವಾಗಿ ಟೆಲಿಕಾಯಿಲ್‌ಗೆ ಜಾಗವಿರುವುದಿಲ್ಲ. ಈಗಾಗಲೇ ಸಾಧನ ಇರುವವರೂ ವಿಚಾರಿಸಬಹುದು. ಟೆಲಿಕಾಯಿಲ್ ಒಳಗಿದ್ದೂ ಚಾಲೂ ಮಾಡದೆ ಹಾಗೇ ಉಳಿದಿರುವುದುಂಟು. ಹಾಗಿದ್ದರೆ ಆಡಿಯಾಲಜಿಸ್ಟ್ ಅದನ್ನು ಕಂಪ್ಯೂಟರಿಗೆ ಜೋಡಿಸಿ 'ಟಿ' ಆಯ್ಕೆಯನ್ನು ಸೇರಿಸಿಕೊಡುತ್ತಾರೆ.