ಲ್ಯಾವೆಂಡರ್ ಬಾಟ್ಲಿಯ ಕಥೆ, ದೊಡ್ಡಾಸ್ಪತ್ರೆಯ ಹೆದರಿಕೆ (ಭಾಗ 14)

ನೈಟ್ ಡ್ಯೂಟಿ ಮುಗಿಸಿ, ಒಂದು ನಿದ್ದೆ ತೆಗೆದು ಬರೆಯುತ್ತಿದ್ದೇನೆ. ಈ ಸಲ ಸ್ವಲ್ಪ ಉದ್ದ ಆಗಿದೆ, ಚಾ ಇಟ್ಟುಕೊಂಡು ಓದಿ.

ರಜೆಯಲ್ಲಿ ಊರಿಗೆ ಬರುತ್ತೇನೆ ಅಂತ ಗೊತ್ತಾದ ಮೇಲೆ ಚಾಕಲೇಟಿಗಿಂತ ಹೆಚ್ಚು ಮಂದಿ ಕೇಳಿದ್ದು ಲ್ಯಾವೆಂಡರ್ ಎಣ್ಣೆಯನ್ನು. ಒಬ್ಬರಿಗೆ ರಾತ್ರಿ ನಿದ್ದೆ ಇಲ್ಲ. ಒಬ್ಬರಿಗೆ ಗಂಡ ತೀರಿಕೊಂಡ ಮೇಲೆ ಯಾವುದೂ ಬೇಡ ಅನಿಸುತ್ತಿದೆ. ಇನ್ನೊಬ್ಬರು, ಹೆಸರು ಹೇಳುವುದಿಲ್ಲ, ಡಾಕ್ಟ್ರು ಕೊಟ್ಟ ಖಿನ್ನತೆಯ ಗುಳಿಗೆ ನಿಲ್ಲಿಸಿ ಬದಲಿಗೆ ಈ ಎಣ್ಣೆ ಮೂಸಿದರೆ ಸಾಕಾ ಅಂತ ಕೇಳಿದರು. ಎಣ್ಣೆ ಮಾರುವವರು ಯಾರೋ ಹಾಗೆ ಹೇಳಿದ್ದಂತೆ. ಸಾಕಾಗುವುದಿಲ್ಲ, ಗುಳಿಗೆ ನಿಲ್ಲಿಸಬೇಡಿ ಅಂತ ಫೋನಿನಲ್ಲೇ ಹೇಳಿದೆ. ಯಾಕೆ ಅಂತ ವಿವರಿಸಬೇಕಾದರೆ ಆ ಬಾಟ್ಲಿಯ ಚರಿತ್ರೆಯನ್ನೂ, ನಾವು ಹೆದರುವ ಆಸ್ಪತ್ರೆಯ ಚರಿತ್ರೆಯನ್ನೂ ಒಟ್ಟಿಗೆ ಹೇಳಬೇಕು.

ಎಣ್ಣೆ ಮಾರುವವರೆಲ್ಲ ಹೇಳುವ ಕಥೆ ಒಂದಿದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ರೆನೆ ಮೋರಿಸ್ ಗಾಟ್‌ಫೊಸ್ಸೆ ಲ್ಯಾಬಿನಲ್ಲಿ ಕೈ ಸುಟ್ಟುಕೊಂಡರು, ಪಕ್ಕದಲ್ಲಿದ್ದ ಲ್ಯಾವೆಂಡರ್ ಎಣ್ಣೆಯ ಪಾತ್ರೆಗೆ ಕೈ ಅದ್ದಿದರು, ಗಾಯ ಮಾಯ! ಅವರೇ ಬರೆದಿಟ್ಟದ್ದು ಬೇರೆ. 1910ರ ಜುಲೈಯಲ್ಲಿ ಲ್ಯಾಬಿನಲ್ಲಿ ಸ್ಫೋಟವಾಗಿ ಮೈಗೆ ಬೆಂಕಿ ಹತ್ತಿತು, ಹೊರಗೆ ಹುಲ್ಲಿನ ಮೇಲೆ ಉರುಳಿ ಆರಿಸಿಕೊಂಡರು. ಆಮೇಲೆ ಕೈಗಳಿಗೆ ಗ್ಯಾಸ್ ಗ್ಯಾಂಗ್ರಿನ್ ಹಿಡಿಯಿತು. ಲ್ಯಾವೆಂಡರ್ ಸತ್ವದಿಂದ ತೊಳೆದದ್ದು ಆ ಹಂತದಲ್ಲಿ. ಪೆನಿಸಿಲಿನ್ ಇನ್ನೂ ಬಾರದ ಕಾಲ ಅದು. 'ಅರೋಮಾಥೆರಪಿ' ಎಂಬ ಹೆಸರು ಕೊಟ್ಟವರೂ ಅವರೇ, ಆ ಹೆಸರಿನ ಪುಸ್ತಕ ಬಂದದ್ದು 1937ರಲ್ಲಿ. ಗಮನಿಸಿ, ಇಷ್ಟು ದೊಡ್ಡ ಹೆಸರು ತಂದ ಕಥೆ ಗಾಯದ ಸೋಂಕಿನದ್ದು. ಮನಸ್ಸಿನ ಕಾಯಿಲೆಗೂ ಅದಕ್ಕೂ ಸಂಬಂಧವೇ ಇಲ್ಲ.

ಬ್ರಿಟನ್ನಿಗೆ ಇದನ್ನು ತಂದವರಲ್ಲಿ ಮುಖ್ಯರಾದವರು ಮಾರ್ಗರೀಟ್ ಮೋರಿ. ಆಸ್ಟ್ರಿಯಾದಲ್ಲಿ ಹುಟ್ಟಿದವರು, ನಮ್ಮ ಹಾಗೆ ನರ್ಸಿಂಗ್ ಕಲಿತವರು. ಅವರು ಎಣ್ಣೆಯನ್ನು ಕುಡಿಸಲಿಲ್ಲ. ಬೇರೆ ಎಣ್ಣೆಯಲ್ಲಿ ಬೆರೆಸಿ, ತೆಳು ಮಾಡಿ, ಮೈಗೆ ಮಸಾಜ್ ಮಾಡಿದರು. 1980-90ರ ದಶಕಗಳಲ್ಲಿ ಇಲ್ಲಿನ ನರ್ಸ್‌ಗಳು ಆಸ್ಪತ್ರೆ, ಹಾಸ್ಪಿಸ್‌ಗಳಲ್ಲಿ ಹಿಡಿದದ್ದು ಈ ದಾರಿಯನ್ನೇ. ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದವರ ಕೈಕಾಲು ಹತ್ತು ನಿಮಿಷ ಮೆಲ್ಲಗೆ ಒತ್ತಿದರೆ ಮುಖ ಸಡಿಲವಾಗುವುದನ್ನು ನಾನೂ ನೋಡಿದ್ದೇನೆ. ಅದರಲ್ಲಿ ಪರಿಮಳದ್ದೆಷ್ಟು, ಪಕ್ಕದಲ್ಲಿ ಕೂತು ಕೈ ಹಿಡಿದವರದ್ದೆಷ್ಟು ಅಂತ ಬೇರ್ಪಡಿಸುವುದು ಕಷ್ಟ. ನನ್ನ ಕೇಳಿದರೆ ಕೈ ಹಿಡಿದವರದ್ದೇ ಹೆಚ್ಚು. ಮರೆವಿನ ಕಾಯಿಲೆಯವರಿಗೆ ಇದು ಉಪಯೋಗವಾ ಅಂತ ಕಾಕ್ರೇನ್ ಸಂಸ್ಥೆಯವರು 2020ರಲ್ಲಿ 13 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಹೌದು ಅಂತ ಧೈರ್ಯವಾಗಿ ಹೇಳುವಷ್ಟು ಆಧಾರ ಸಿಗಲಿಲ್ಲ.

ಹಾಗಿದ್ದರೂ ಜನ ಬಾಟ್ಲಿಯ ಹಿಂದೆ ಯಾಕೆ ಹೋಗುತ್ತಾರೆ? ಆಸ್ಪತ್ರೆಯ ಹೆದರಿಕೆಯಿಂದ, ಮಾರಾಯ್ರೆ. 'ಹುಚ್ಚಾಸ್ಪತ್ರೆ' ಎಂಬ ಒಂದು ಶಬ್ದ ಸಾಕು, ಮಗಳ ಮದುವೆಯಿಂದ ಹಿಡಿದು ನೆರೆಮನೆಯವರ ಬಾಯಿಯವರೆಗೆ ಎಲ್ಲ ನೆನಪಾಗುತ್ತದೆ. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಲಂಡನ್ನಿನ ಬೆತ್ಲೆಮ್ 1247ರಲ್ಲಿ ಶುರುವಾದ ಸಂಸ್ಥೆ. 18ನೇ ಶತಮಾನದಲ್ಲಿ ಅಲ್ಲಿನ ರೋಗಿಗಳನ್ನು ಜನ ಜಾತ್ರೆ ನೋಡಿದ ಹಾಗೆ ಹೋಗಿ ನೋಡಿ ಬರುತ್ತಿದ್ದರು. ಯಾರ್ಕ್ ಊರಿನ ಆಸ್ಪತ್ರೆಯಲ್ಲಿ 1790ರಲ್ಲಿ ಹಾನಾ ಮಿಲ್ಸ್ ಎಂಬ ಹೆಂಗಸು ಸತ್ತಳು. ಅವಳ ಪಂಥದವರನ್ನು ನೋಡಲಿಕ್ಕೂ ಒಳಗೆ ಬಿಟ್ಟಿರಲಿಲ್ಲ. ಅದರಿಂದ ನೊಂದ ಚಹಾ ವ್ಯಾಪಾರಿ ವಿಲಿಯಂ ಟ್ಯೂಕ್, ಅದೇ ಊರಲ್ಲಿ 1796ರಲ್ಲಿ 'ರಿಟ್ರೀಟ್' ತೆರೆದರು. ಅಲ್ಲಿ ಸರಪಳಿ ಇರಲಿಲ್ಲ. ತೋಟದ ಕೆಲಸ, ನಡಿಗೆ, ಮರ್ಯಾದೆಯ ಮಾತು ಇತ್ತು. ಡಾಕ್ಟರ್ ಅಲ್ಲದ ಒಬ್ಬ ವ್ಯಾಪಾರಿ ಇದನ್ನು ಮಾಡಿದ್ದು ಅಂತ ನನಗೆ ಈಗಲೂ ಆಶ್ಚರ್ಯ.

ನಮ್ಮ ಬೆಂಗಳೂರಿನ ಕಥೆಯೂ ಹಾಗೇ ನಡೆದು ಬಂದಿದೆ. 19ನೇ ಶತಮಾನದಲ್ಲಿ ಹುಚ್ಚರ ಆಶ್ರಯವಾಗಿ ಶುರುವಾದದ್ದು 1925ರಲ್ಲಿ 'ಮಾನಸಿಕ ಆಸ್ಪತ್ರೆ' ಆಯಿತು. ಹೆಸರು ಬದಲಾದದ್ದು ಸಣ್ಣ ವಿಷಯ ಅಲ್ಲ. ಅದರ ಜೊತೆಗೆ 1954ರಲ್ಲಿ ತರಬೇತಿ ಸಂಸ್ಥೆ ಬಂತು, ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನೆಯವರು ರೋಗಿಯ ಜೊತೆಗೇ ಉಳಿದುಕೊಳ್ಳುವ ವಾರ್ಡುಗಳಿವೆ. ಇಲ್ಲಿನ ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ಹೌದಾ ಅಂತ ಬಾಯಿ ಬಿಟ್ಟು ಕೇಳುತ್ತಾರೆ. ಇನ್ನೂ ಒಂದು ಹೆಮ್ಮೆಯ ವಿಷಯ: 1985ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟ್ರು, ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಹತ್ತಿರದಲ್ಲೇ ಔಷಧ ಸಿಗುವ ಹಾಗೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಜ್ವರಕ್ಕೆ ಹೋಗುವ ಆಸ್ಪತ್ರೆಗೇ ಮನಸ್ಸಿಗೂ ಹೋಗಬಹುದು ಅಂತ ತೋರಿಸಿಕೊಟ್ಟವರು ಬಳ್ಳಾರಿಯವರು. 2017ರ ಕಾಯ್ದೆ ಬಂದ ಮೇಲೆ ಸರ್ಕಾರಿ ಚಿಕಿತ್ಸೆ ನಮ್ಮ ಹಕ್ಕು ಕೂಡ.

ಇನ್ನು ಯಾರನ್ನು ನಂಬುವುದು ಅನ್ನುವ ಪ್ರಶ್ನೆ. ಇದಕ್ಕೆ ನಮ್ಮ ನರ್ಸ್‌ಗಳ ಚರಿತ್ರೆಯಲ್ಲೇ ಉತ್ತರ ಇದೆ. ಒಂದು ಕಾಲದಲ್ಲಿ ಈ ದೇಶದಲ್ಲಿ ಯಾರು ಬೇಕಾದರೂ ನಾನು ನರ್ಸ್ ಅನ್ನಬಹುದಿತ್ತು. ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬವರು 30 ವರ್ಷಕ್ಕೂ ಹೆಚ್ಚು ಹೋರಾಡಿ 1919ರಲ್ಲಿ ನರ್ಸ್‌ಗಳ ನೋಂದಣಿ ಕಾಯ್ದೆ ಬರುವ ಹಾಗೆ ಮಾಡಿದರು. ರಿಜಿಸ್ಟರ್ ತೆರೆದಾಗ ಮೊದಲನೇ ನಂಬರ್ ಅವರದ್ದೇ. ಇವತ್ತು ನನ್ನ ಹೆಸರನ್ನು ಯಾರು ಬೇಕಾದರೂ ಆ ಪಟ್ಟಿಯಲ್ಲಿ ಹುಡುಕಬಹುದು. ನನ್ನ ಕೆಲಸ ಸರಿ ಇಲ್ಲ ಅಂದರೆ ದೂರು ಕೊಡಬಹುದು, ನನ್ನ ಹೆಸರು ಅಲ್ಲಿಂದ ಹೋಗಲೂಬಹುದು. ನನಗೆ ನಂಬಿಕೆ ಅಂದರೆ ಇದು. ಸಿಹಿ ಮಾತಲ್ಲ, ತಪ್ಪಿದರೆ ಉತ್ತರ ಕೊಡಬೇಕಾದ ಜಾಗ.

ಅರೋಮಾಥೆರಪಿಸ್ಟ್ ಎಂಬ ಹೆಸರಿಗೆ ಇಲ್ಲಿ ಅಂಥ ಕಾನೂನಿನ ಕಾವಲಿಲ್ಲ. ಬೇಕಾದವರು ಸೇರುವ ಸಿಎನ್‌ಎಚ್‌ಸಿ ಪಟ್ಟಿ ಒಂದಿದೆ, ಅಷ್ಟೇ. ಕೌನ್ಸೆಲರ್ ಎಂಬ ಹೆಸರೂ ಹಾಗೇ. ಊರಲ್ಲಾದರೆ ಮನೋವೈದ್ಯರ ಹೆಸರು ಮೆಡಿಕಲ್ ಕೌನ್ಸಿಲ್ಲಿನಲ್ಲಿ, ಕ್ಲಿನಿಕಲ್ ಸೈಕಾಲಜಿಸ್ಟ್ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಇರಬೇಕು. ಅಂದರೆ ಆರ್‌ಸಿಐ. ನೋಂದಣಿ ನಂಬರ್ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವವರ ಹತ್ತಿರ ಹೋಗಬೇಡಿ.

ಬಾಟ್ಲಿಗೆ ಉತ್ತರ ಕೊಡುವವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2021ರ ಅಮೆರಿಕದ ಘಟನೆ ನೋಡಿ. ನಾಲ್ಕು ಬೇರೆ ಬೇರೆ ರಾಜ್ಯಗಳಲ್ಲಿ, ವಿದೇಶಕ್ಕೆ ಹೋಗದ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಬಂತು. ಇಬ್ಬರು ಸತ್ತರು, ಅವರಲ್ಲಿ ಒಂದು ಮಗು. ಉಡುಪಿ, ಮಂಗಳೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರಿಗೆ ಈ ಹೆಸರು ಗೊತ್ತು, ಮಳೆಗಾಲದಲ್ಲಿ ಮಣ್ಣು ನೀರಿನಿಂದ ಬರುವ ಸೋಂಕು. ಅಲ್ಲಿಗೆ ಹೇಗೆ ಹೋಯಿತು? ತಿಂಗಳುಗಟ್ಟಲೆ ಹುಡುಕಿದ ಮೇಲೆ ಅಕ್ಟೋಬರಿನಲ್ಲಿ ಒಂದು ರೂಮ್ ಸ್ಪ್ರೇಯಲ್ಲಿ ಸಿಕ್ಕಿತು. ಲ್ಯಾವೆಂಡರ್, ಕ್ಯಾಮೊಮೈಲ್ ಪರಿಮಳದ, ಒಳಗೆ ಬಣ್ಣದ ಕಲ್ಲು ಹಾಕಿದ ಅರೋಮಾಥೆರಪಿ ಸ್ಪ್ರೇ. ತಯಾರಾದದ್ದು ನಮ್ಮ ಭಾರತದಲ್ಲಿ. ಮನಸ್ಸಿಗೆ ಹಾಯ್ ಅನಿಸಲಿ ಅಂತ ತಂದದ್ದು!

ಪರಿಮಳ ಇಷ್ಟವಾದರೆ ಬೇಡ ಅನ್ನುವುದಿಲ್ಲ. ಕುಡಿಯಬೇಡಿ, ಒಂದು ಹನಿಯೂ ಬೇಡ. ಜರ್ಮನಿಯಲ್ಲಿ ಆತಂಕಕ್ಕೆ 80 ಮಿಲಿಗ್ರಾಂ ಲ್ಯಾವೆಂಡರ್ ಕ್ಯಾಪ್ಸೂಲ್ ಕೊಡುತ್ತಾರೆ, ನಿಜ. ಅದು ಅಳತೆ ಮಾಡಿ, ಪರೀಕ್ಷೆ ಮಾಡಿ ಅನುಮತಿ ಪಡೆದ ಔಷಧ, ಅಂಗಡಿಯ ಬಾಟ್ಲಿ ಅಲ್ಲ. ಮೈಗೆ ಹಚ್ಚುವುದಾದರೆ 30 ಎಂ.ಎಲ್. ತೆಂಗಿನೆಣ್ಣೆಗೆ ಆರು ಹನಿ, ಅದು ಸುಮಾರು 1 ಪರ್ಸೆಂಟ್. ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಅಸ್ತಮಾ ಇದ್ದವರ ಕೋಣೆಯಲ್ಲಿ, ಬಸುರಿಯರಿಗೆ, ಅಪಸ್ಮಾರ ಇದ್ದವರಿಗೆ ಡಾಕ್ಟ್ರನ್ನು ಕೇಳದೆ ಬೇಡ. ಮುಖ್ಯವಾಗಿ ನಮ್ಮ ಮನೆಗಳಲ್ಲಿರುವ ನೀಲಗಿರಿ ಎಣ್ಣೆ, ಕರ್ಪೂರ: ಶೀತ ಅಂತ ಮಗುವಿನ ಮೂಗಿಗೆ, ಎದೆಗೆ ಹಚ್ಚಬೇಡಿ. ಹೊಟ್ಟೆಗೆ ಹೋದರೆ ಸ್ವಲ್ಪವೇ ಸಾಕು, ಮಕ್ಕಳಿಗೆ ಫಿಟ್ಸ್ ಬರುತ್ತದೆ. ಅಜ್ಜಿಯಂದಿರು ಬೇಜಾರು ಮಾಡಬೇಡಿ, ದೇವರ ಕೋಣೆಯ ಕರ್ಪೂರದ ಡಬ್ಬಿ ಸ್ವಲ್ಪ ಮೇಲೆ ಇಡಿ, ಅಷ್ಟೇ.

ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಕೆಲಸದಲ್ಲಿ ಮನಸ್ಸಿಲ್ಲ ಅಂದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊರಗೆ ಹೋಗಲು ನಾಚಿಕೆ ಆದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಸೇವೆ, ನಿಮ್ಹಾನ್ಸ್ ಅದರ ಬೆನ್ನಿಗಿದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮ ಮಕ್ಕಳಿಗೆ: ಜಿಪಿ ಇದ್ದಾರೆ, ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪಿಗೆ ನೀವೇ ಹೆಸರು ಕೊಡಬಹುದು, ತುರ್ತಾದರೆ 111ಕ್ಕೆ ಫೋನ್ ಮಾಡಿ 2 ಒತ್ತಿ. ಸಮಾರಿಟನ್ಸ್ ನಂಬರ್ 116 123. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಂಟಿಯಾಗಿ ಬಿಡಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.