ಕಂಪನಿಗಳ ಗೋದಾಮು ಮತ್ತು ಮಳಿಗೆ ಗುತ್ತಿಗೆ: ಲೆಕ್ಕ ಬರೆಯುವ ಹಾಗೂ ವರದಿ ಮಾಡುವ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಬೀದರ ನಗರದ ಗಾಂಧಿ ಗಂಜವು ತೊಗರಿ, ಉದ್ದು, ಹೆಸರು, ಕಡಲೆ ಮತ್ತು ಸೋಯಾಬೀನ್ ವಹಿವಾಟಿನ ಕೇಂದ್ರವಾಗಿದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಮಾಲು ಸಹ ಇಲ್ಲಿಗೆ ಬರುತ್ತದೆ. ಇಂತಹ ಮಾರುಕಟ್ಟೆಯಲ್ಲಿ ವ್ಯವಹರಿಸುವ ರೈತ ಉತ್ಪಾದಕ ಕಂಪನಿಗಳು ಹಾಗೂ ಖಾಸಗಿ ಕಂಪನಿಗಳು ಗೋದಾಮು, ಮಳಿಗೆ, ಯಂತ್ರ ಮೊದಲಾದವುಗಳನ್ನು ಖರೀದಿಸದೆ ಗುತ್ತಿಗೆಗೆ ಪಡೆಯುವುದುಂಟು. ಸಾಲಕ್ಕಾಗಿ ಅಥವಾ ಸಹಾಯಧನಕ್ಕಾಗಿ ಅರ್ಜಿ ಸಲ್ಲಿಸುವಾಗ ಕಂಪನಿಯ ಲೆಕ್ಕಪತ್ರಗಳನ್ನು ಕೇಳಲಾಗುತ್ತದೆ. ಆದರೆ ಮುಂದಿನ ವರ್ಷಗಳಲ್ಲಿ ತೆರಬೇಕಾದ ಬಾಡಿಗೆಯ ಹೊಣೆಯು ಎಲ್ಲ ಕಂಪನಿಗಳ ಅಢಾವೆ ಪತ್ರಿಕೆಯಲ್ಲಿ, ಅಂದರೆ ಬ್ಯಾಲೆನ್ಸ್ ಶೀಟಿನಲ್ಲಿ, ಕಾಣಿಸುವುದಿಲ್ಲ. ಇದು ತಪ್ಪಲ್ಲ; ನಿಯಮವೇ ಹಾಗಿದೆ. ಆದುದರಿಂದ ಲೆಕ್ಕಕ್ಕೆ ಸಹಿ ಹಾಕುವ ನಿರ್ದೇಶಕರು ಹಾಗೂ ಷೇರು ಹಣ ತೊಡಗಿಸಿದ ರೈತ ಸದಸ್ಯರು ಈ ಕೆಳಗಿನ ಅಂಶಗಳನ್ನು ತಿಳಿದಿರುವುದು ಅವಶ್ಯ.

1. ಕಾರ್ಯಾಚರಣೆ ಗುತ್ತಿಗೆ ಎಂದರೇನು?

ಆಸ್ತಿಯ ಮಾಲೀಕತ್ವದಿಂದ ಬರುವ ಲಾಭ ಮತ್ತು ಅಪಾಯಗಳು ಬಹುಮಟ್ಟಿಗೆ ಮಾಲೀಕರಲ್ಲಿಯೇ ಉಳಿದು, ನಿಗದಿತ ಅವಧಿಗೆ ಬಳಕೆಯ ಹಕ್ಕು ಮಾತ್ರ ಗುತ್ತಿಗೆದಾರರಿಗೆ ದೊರೆತರೆ ಅದು ಕಾರ್ಯಾಚರಣೆ ಗುತ್ತಿಗೆ. ಲೆಕ್ಕ ಪರಿಶೋಧಕರು ಇದನ್ನು ಆಪರೇಟಿಂಗ್ ಲೀಸ್ ಎನ್ನುತ್ತಾರೆ. ಲಾಭ ಮತ್ತು ಅಪಾಯಗಳು ಬಹುಮಟ್ಟಿಗೆ ಗುತ್ತಿಗೆದಾರರಿಗೆ ವರ್ಗವಾದರೆ ಅದು ಹಣಕಾಸು ಗುತ್ತಿಗೆ. ಕರಾರು ಪತ್ರದ ಹೆಸರಿಗಿಂತ ಅದರ ಷರತ್ತುಗಳೇ ಇಲ್ಲಿ ಮುಖ್ಯ. ದೊಡ್ಡ ಮೊತ್ತವನ್ನು ಮುಂಗಡವಾಗಿ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಮನೆಯಲ್ಲಿ ವಾಸಿಸುವ, ರೂಢಿಯಲ್ಲಿ ‘ಲೀಸ್’ ಎನ್ನುವ ಭೋಗ್ಯದ ವ್ಯವಸ್ಥೆಯನ್ನು ಇದರೊಂದಿಗೆ ಬೆರೆಸಬಾರದು.

2. ಯಾವ ಕಂಪನಿಗೆ ಯಾವ ನಿಯಮ?

(ಅ) ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ ಕಂಪನಿಗಳು, 250 ಕೋಟಿ ರೂ. ಅಥವಾ ಅದಕ್ಕೂ ಹೆಚ್ಚಿನ ನಿವ್ವಳ ಮೌಲ್ಯವುಳ್ಳ ಇತರ ಕಂಪನಿಗಳು ಹಾಗೂ ಇವುಗಳ ಅಧೀನ ಕಂಪನಿಗಳು ಸಾಮಾನ್ಯವಾಗಿ ಭಾರತೀಯ ಲೆಕ್ಕಪತ್ರ ಮಾನದಂಡಗಳನ್ನು (ಇಂಡ್ ಎಎಸ್) ಪಾಲಿಸತಕ್ಕದ್ದು. ಬ್ಯಾಂಕುಗಳು ಮತ್ತು ಎಸ್‌ಎಂಇ ವಿನಿಮಯ ಕೇಂದ್ರದ ಕಂಪನಿಗಳಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಗುತ್ತಿಗೆಗೆ ಸಂಬಂಧಿಸಿದ ಇಂಡ್ ಎಎಸ್ 116 ದಿನಾಂಕ 1-4-2019ರಿಂದ ಜಾರಿಗೆ ಬಂದಿದೆ.

(ಆ) ಉಳಿದ ಕಂಪನಿಗಳಿಗೆ 2021ರ ಕಂಪನಿಗಳ (ಲೆಕ್ಕಪತ್ರ ಮಾನದಂಡ) ನಿಯಮಗಳಡಿಯ ಎಎಸ್ 19 ಅನ್ವಯವಾಗುತ್ತದೆ. ಇವುಗಳ ಪೈಕಿ ಹಿಂದಿನ ವರ್ಷದ ವಹಿವಾಟು 250 ಕೋಟಿ ರೂ. ಮತ್ತು ಸಾಲ 50 ಕೋಟಿ ರೂ. ಮೀರದ, ಇತರ ಷರತ್ತುಗಳನ್ನೂ ಪೂರೈಸುವ ಕಂಪನಿಗಳನ್ನು ಸಣ್ಣ ಮತ್ತು ಮಧ್ಯಮ ಕಂಪನಿ ಎಂದು ಪರಿಗಣಿಸಲಾಗುತ್ತದೆ.

3. ಎಎಸ್ 19ರ ಪ್ರಕಾರ ಲೆಕ್ಕ

ಬಾಡಿಗೆಯನ್ನು ಗುತ್ತಿಗೆ ಅವಧಿಯುದ್ದಕ್ಕೂ ಸಮನಾಗಿ ಹಂಚಿ ಲಾಭ-ನಷ್ಟ ಖಾತೆಗೆ ಖರ್ಚು ಹಾಕತಕ್ಕದ್ದು. ಬಳಕೆಯ ಪ್ರಯೋಜನವು ಬೇರೆ ರೀತಿಯಲ್ಲಿ ದೊರೆಯುವುದಾದರೆ ಮಾತ್ರ ಅದಕ್ಕೊಪ್ಪುವ ಬೇರೆ ಕ್ರಮವನ್ನು ಅನುಸರಿಸಬಹುದು.

ಉದಾಹರಣೆ: ಒಂದು ಕಂಪನಿಯು ಮಧ್ಯದಲ್ಲಿ ರದ್ದುಪಡಿಸಲಾಗದ 3 ವರ್ಷಗಳ ಕರಾರಿನ ಮೇಲೆ ಗೋದಾಮು ಪಡೆದಿದೆ ಎಂದು ಭಾವಿಸೋಣ. ತಿಂಗಳ ಬಾಡಿಗೆ ಮೊದಲ ವರ್ಷ 20,000 ರೂ., ಎರಡನೆಯ ವರ್ಷ 22,000 ರೂ., ಮೂರನೆಯ ವರ್ಷ 24,000 ರೂ.

ಮೊದಲ ವರ್ಷ: ಪಾವತಿ 2,40,000 ರೂ.; ಖರ್ಚು 2,64,000 ರೂ.
ಎರಡನೆಯ ವರ್ಷ: ಪಾವತಿ 2,64,000 ರೂ.; ಖರ್ಚು 2,64,000 ರೂ.
ಮೂರನೆಯ ವರ್ಷ: ಪಾವತಿ 2,88,000 ರೂ.; ಖರ್ಚು 2,64,000 ರೂ.
ಒಟ್ಟು: ಪಾವತಿ 7,92,000 ರೂ.; ಖರ್ಚು 7,92,000 ರೂ.

ಮೊದಲ ವರ್ಷದ ವ್ಯತ್ಯಾಸ 24,000 ರೂ.ಗಳನ್ನು ಹೊಣೆಯಾಗಿ ತೋರಿಸಿ, ಮೂರನೆಯ ವರ್ಷ ತೀರಿಸಲಾಗುತ್ತದೆ. ಗಮನಿಸಬೇಕಾದುದೇನೆಂದರೆ, ಮೊದಲ ವರ್ಷದ ಕೊನೆಗೆ ಇನ್ನೂ 5,52,000 ರೂ. ಬಾಡಿಗೆ ತೆರಬೇಕಾಗಿದ್ದರೂ ಅಢಾವೆ ಪತ್ರಿಕೆಯಲ್ಲಿ ಕಾಣುವುದು ಈ 24,000 ರೂ. ಮಾತ್ರ.

ಗುತ್ತಿಗೆ ಕೊಟ್ಟವರು ಕಂಪನಿಯಾಗಿದ್ದಲ್ಲಿ, ಆ ಕಟ್ಟಡವು ಅವರ ಆಸ್ತಿಯಾಗಿಯೇ ಉಳಿಯುತ್ತದೆ. ಅವರು ಬಾಡಿಗೆಯನ್ನು ಇದೇ ರೀತಿ ಹಂಚಿ ಆದಾಯವಾಗಿ ತೋರಿಸಿ, ಸವಕಳಿಯನ್ನು ಖರ್ಚು ಹಾಕುತ್ತಾರೆ.

4. ಇಂಡ್ ಎಎಸ್ 116ರ ಪ್ರಕಾರ ಲೆಕ್ಕ

ಈ ಮಾನದಂಡದಡಿ ಗುತ್ತಿಗೆದಾರ ಕಂಪನಿಗೆ ಮೇಲಿನ ಎರಡು ವಿಧಗಳ ಭೇದವಿಲ್ಲ. ಮುಂದೆ ತೆರಬೇಕಾದ ಬಾಡಿಗೆಯ ಇಂದಿನ ಮೌಲ್ಯವನ್ನು ಹೊಣೆಯಾಗಿಯೂ, ಬಳಕೆಯ ಹಕ್ಕನ್ನು ಆಸ್ತಿಯಾಗಿಯೂ ಅಢಾವೆ ಪತ್ರಿಕೆಯಲ್ಲಿ ತೋರಿಸತಕ್ಕದ್ದು. ಬಾಡಿಗೆ ಖರ್ಚಿನ ಬದಲು ಸವಕಳಿ ಮತ್ತು ಬಡ್ಡಿ ಬರುತ್ತವೆ.

ಮೇಲಿನ ಉದಾಹರಣೆಯಲ್ಲಿಯೇ, ಬಡ್ಡಿ ದರ ಶೇ. 10 ಎಂದೂ ಬಾಡಿಗೆಯನ್ನು ಪ್ರತಿ ವರ್ಷದ ಕೊನೆಗೆ ಕೊಡಲಾಗುವುದೆಂದೂ ಇಟ್ಟುಕೊಂಡರೆ, ಆರಂಭದ ಹೊಣೆ ಸುಮಾರು 6,52,700 ರೂ. ಆಗುತ್ತದೆ. ಮೊದಲ ವರ್ಷದ ಸವಕಳಿ ಸುಮಾರು 2,17,600 ರೂ. ಮತ್ತು ಬಡ್ಡಿ ಸುಮಾರು 65,300 ರೂ. ಸೇರಿ ಖರ್ಚು ಸುಮಾರು 2,82,900 ರೂ. ಮುಂದಿನ ವರ್ಷಗಳಲ್ಲಿ ಬಡ್ಡಿ ಇಳಿಯುವುದರಿಂದ ಖರ್ಚೂ ಇಳಿದು, 3 ವರ್ಷಗಳ ಮೊತ್ತ ಅದೇ 7,92,000 ರೂ. ಆಗುತ್ತದೆ. 12 ತಿಂಗಳು ಮೀರದ ಗುತ್ತಿಗೆಗೂ ಕಡಿಮೆ ಮೌಲ್ಯದ ವಸ್ತುಗಳ ಗುತ್ತಿಗೆಗೂ ಈ ಕ್ರಮದಿಂದ ವಿನಾಯಿತಿ ಪಡೆಯಲು ಅವಕಾಶವಿದೆ.

ಹೀಗೆ ಒಂದೇ ಗೋದಾಮು, ಒಂದೇ ಬಾಡಿಗೆಯಾದರೂ ಒಂದು ಕಂಪನಿಯ ಹೊಣೆ ಹೆಚ್ಚಾಗಿಯೂ ಇನ್ನೊಂದರ ಹೊಣೆ ಕಡಿಮೆಯಾಗಿಯೂ ಕಾಣಬಹುದು. ಎರಡು ಕಂಪನಿಗಳನ್ನು ಹೋಲಿಸುವ ಮುನ್ನ ಯಾವ ಮಾನದಂಡ ಅನುಸರಿಸಲಾಗಿದೆ ಎಂಬುದನ್ನು ನೋಡತಕ್ಕದ್ದು.

5. ಟಿಪ್ಪಣಿಗಳಲ್ಲಿ ತಿಳಿಸಬೇಕಾದ ವಿವರ

ಎಎಸ್ 19ರ ಪ್ರಕಾರ, ರದ್ದುಪಡಿಸಲಾಗದ ಗುತ್ತಿಗೆಗಳ ಮುಂದಿನ ಕನಿಷ್ಠ ಬಾಡಿಗೆಯನ್ನು 1 ವರ್ಷದೊಳಗಿನದು, 1ರಿಂದ 5 ವರ್ಷಗಳದು, 5 ವರ್ಷಗಳ ನಂತರದ್ದು ಎಂದು ಮೂರು ಭಾಗವಾಗಿ ಟಿಪ್ಪಣಿಯಲ್ಲಿ ಕೊಡಬೇಕು. ಆದರೆ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಇದರಿಂದ ವಿನಾಯಿತಿ ಇದೆ. ಅವು ಆ ವರ್ಷ ಖರ್ಚು ಹಾಕಿದ ಬಾಡಿಗೆಯನ್ನು ತಿಳಿಸಿದರೆ ಸಾಕು. ಬಾಡಿಗೆಯನ್ನು ಸಮನಾಗಿ ಹಂಚುವ ನಿಯಮದಿಂದ ಮಾತ್ರ ವಿನಾಯಿತಿ ಇಲ್ಲ. ವಿನಾಯಿತಿ ಇದ್ದರೂ ಕಂಪನಿಯು ಸ್ವಇಚ್ಛೆಯಿಂದ ಪೂರ್ಣ ವಿವರ ಕೊಡಬಹುದು.

6. ನಿವೇಶನ ಮತ್ತು ದಾಸ್ತಾನು ಶುಲ್ಕ

ಮಾರುಕಟ್ಟೆ ಪ್ರಾಂಗಣಗಳಲ್ಲಿ ನಿವೇಶನಗಳು ಲೀಸ್-ಕಂ-ಸೇಲ್ ಆಧಾರದ ಮೇಲೆ ಹಂಚಿಕೆಯಾಗುವುದುಂಟು. ಬರೀ ಜಮೀನಿನ ಗುತ್ತಿಗೆಗೆ ಎಎಸ್ 19 ಅನ್ವಯಿಸುವುದಿಲ್ಲ; ಇಂಡ್ ಎಎಸ್ 116 ಅನ್ವಯಿಸುತ್ತದೆ. ಉಗ್ರಾಣದಲ್ಲಿ ಚೀಲಕ್ಕೆ ಇಷ್ಟು ಎಂದು ಕೊಟ್ಟು ಮಾಲು ಇರಿಸಿದರೆ, ನಿರ್ದಿಷ್ಟ ಜಾಗದ ಹಕ್ಕು ದೊರೆಯದಿರುವುದರಿಂದ ಅದು ಸಾಮಾನ್ಯವಾಗಿ ಗುತ್ತಿಗೆಯಲ್ಲ, ಸೇವಾ ಶುಲ್ಕ.

7. ಸದಸ್ಯರು ಮತ್ತು ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ತೊಗರಿಯ ಧಾರಣೆ ಕುಸಿದು ಗೋದಾಮು ಖಾಲಿ ಬಿದ್ದರೂ ರದ್ದುಪಡಿಸಲಾಗದ ಕರಾರಿನ ಬಾಡಿಗೆ ನಿಲ್ಲುವುದಿಲ್ಲ. ಅದು ಸದಸ್ಯರ ಷೇರು ಹಣವನ್ನೇ ಕರಗಿಸಬಹುದು. ಆದ್ದರಿಂದ ಕರಾರಿನ ಅವಧಿ, ಬಾಡಿಗೆ ಏರಿಕೆಯ ಪ್ರಮಾಣ ಮತ್ತು ತೆರವಿಗೆ ಕೊಡಬೇಕಾದ ನೋಟಿಸಿನ ಅವಧಿ ಈ ಮೂರನ್ನೂ ವಿಚಾರಿಸತಕ್ಕದ್ದು. 3 ತಿಂಗಳ ನೋಟಿಸ್ ಕೊಟ್ಟು ದಂಡವಿಲ್ಲದೆ ಬಿಡಬಹುದಾದರೆ ಹೊಣೆ ಬಹಳ ಕಡಿಮೆ.

(ಆ) ಉತ್ಪಾದಕ ಕಂಪನಿಯ ವಾರ್ಷಿಕ ಸಾಮಾನ್ಯ ಸಭೆಗೆ ಕನಿಷ್ಠ 14 ದಿನ ಮುಂಚಿತವಾಗಿ ನೋಟಿಸ್ ನೀಡಿ, ಅದರೊಂದಿಗೆ ಪರಿಶೋಧಿತ ಲೆಕ್ಕಪತ್ರವನ್ನೂ ಕಳುಹಿಸಬೇಕು. ಗುತ್ತಿಗೆಯ ಹೊಣೆಯನ್ನು ಕುರಿತು ಸಭೆಯಲ್ಲಿ ಪ್ರಶ್ನಿಸಲು ಸದಸ್ಯರು ಹಿಂಜರಿಯಬೇಕಾಗಿಲ್ಲ.

(ಇ) ಕಂಪನಿಗಳ ನೋಂದಣಾಧಿಕಾರಿಗೆ ಸಲ್ಲಿಕೆಯಾದ ಲೆಕ್ಕಪತ್ರಗಳನ್ನು ನಿಗದಿತ ಶುಲ್ಕ ಪಾವತಿಸಿ ಕಾರ್ಪೊರೇಟ್ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ ಯಾರಾದರೂ ನೋಡಬಹುದು.

(ಈ) 1 ವರ್ಷ ಮೀರಿದ ಸ್ಥಿರಾಸ್ತಿ ಗುತ್ತಿಗೆ ಪತ್ರವನ್ನು 1908ರ ನೋಂದಣಿ ಅಧಿನಿಯಮದಂತೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸತಕ್ಕದ್ದು.

(ಉ) ಅರ್ಜಿಯೊಂದಿಗೆ ಗುತ್ತಿಗೆ ಪತ್ರದ ಪ್ರತಿಯನ್ನೂ ಮುಂದಿನ ಬಾಡಿಗೆಯ ವರ್ಷವಾರು ಪಟ್ಟಿಯನ್ನೂ ಲಗತ್ತಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

ಸೂಚನೆ: ಮೇಲಿನ ವಿವರಣೆ ಕಂಪನಿಗಳಿಗೆ ಸಂಬಂಧಿಸಿದ್ದು; ಪಾಲುದಾರಿಕೆ ಸಂಸ್ಥೆಗಳು ಮತ್ತು ಏಕವ್ಯಕ್ತಿ ಮಾಲೀಕತ್ವದ ಅಂಗಡಿಗಳು ತಮ್ಮ ಲೆಕ್ಕ ಪರಿಶೋಧಕರನ್ನು ವಿಚಾರಿಸುವುದು. ಇದು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮ.