ಹೊಸ್ತಿಲಿನ ಪಾಠ: ಕಂಬಂ ಕಣಿವೆಯ ಆರೋಗ್ಯ ಶಿಕ್ಷಣ ಮತ್ತು ಕನ್ನಡದ ಮನೆಮಾತು

1809ರಿಂದ 1811ರವರೆಗೆ ಕೊಯಮತ್ತೂರು, ಮಧುರೆ, ದಿಂಡಿಗಲ್ ಮತ್ತು ತಿರುನೆಲ್ವೇಲಿ ಸೀಮೆಗಳಲ್ಲಿ ಜ್ವರವೊಂದು ವ್ಯಾಪಕವಾಗಿ ಹಬ್ಬಿತು. ಅದರ ಕಾರಣಗಳನ್ನು ಶೋಧಿಸಲು ಮದರಾಸು ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ವೈದ್ಯ ವೈಟ್‌ಲಾ ಏನ್ಸ್ಲಿ ಸದಸ್ಯರಾಗಿದ್ದ ಆ ಸಮಿತಿಯ ವರದಿ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ವರದಿಯು ತನ್ನ ಶೀರ್ಷಿಕೆಯಲ್ಲಿಯೇ ವೈದ್ಯಕೀಯ, ಭೌಗೋಳಿಕ ಮತ್ತು ಕೃಷಿಸಂಬಂಧಿ ಎಂಬ ಮೂರು ವಿಶೇಷಣಗಳನ್ನು ಹೊತ್ತಿದೆ. ಮಲೇರಿಯಾ ಪರೋಪಜೀವಿಯನ್ನು ರೊನಾಲ್ಡ್ ರಾಸ್ ಸೊಳ್ಳೆಯ ಒಡಲಲ್ಲಿ ಕಂಡದ್ದು 1897ರಲ್ಲಿ. ಅದಕ್ಕೆ ಎಂಟು ದಶಕಗಳ ಹಿಂದೆ, ಕೆಟ್ಟ ಗಾಳಿಯೇ ಜ್ವರದ ಮೂಲವೆಂದು ನಂಬಿದ್ದ ಕಾಲದಲ್ಲಿ, ಈ ಸಮಿತಿ ರೋಗದ ಕಾರಣವನ್ನು ರೋಗಿಯ ದೇಹದಾಚೆಗೂ ಅರಸಿತ್ತು. ರೋಗವನ್ನು ಊರಿನ ಸಂಗತಿಯಾಗಿ ನೋಡುವ ಈ ದೃಷ್ಟಿಯನ್ನೇ ಇಂದು ಸಾಂಕ್ರಾಮಿಕ ರೋಗಶಾಸ್ತ್ರದ ಮೊದಲ ಪಾಠವಾಗಿ ಕಲಿಸಲಾಗುತ್ತದೆ.

ಆ ಊರುಗಳಲ್ಲಿ ತಮಿಳರ ನಡುವೆ ಕನ್ನಡ ಮನೆಮಾತಿನವರೂ ಇದ್ದರು, ಇಂದಿಗೂ ಇದ್ದಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳು ಅನುಪ್ಪರನ್ನೂ ಕಾಪ್ಪಿಲಿಯರನ್ನೂ ಮಧುರೆ ಸೀಮೆಯ ಕನ್ನಡ ಬೇಸಾಯಗಾರರೆಂದು ದಾಖಲಿಸಿವೆ. ಇವರ ಶಾಲೆ, ಸಂತೆ, ಕಚೇರಿಗಳ ಮಾತು ತಮಿಳು. ಒಲೆಯ ಮುಂದಿನ ಮಾತು ಕನ್ನಡ. ವೈದ್ಯಕೀಯ ಶಿಕ್ಷಣ ತರಗತಿಯಿಂದ ಹೊರಟು ಇಂತಹ ಮನೆಯ ಹೊಸ್ತಿಲಿಗೆ ಬಂದ ದಾರಿ ದೀರ್ಘವಾದದ್ದು.

ವಸಾಹತು ಕಾಲದ ವೈದ್ಯವಿದ್ಯಾರ್ಥಿಗೆ ನೈರ್ಮಲ್ಯವೆಂದರೆ ಬಹುಮಟ್ಟಿಗೆ ನೀರು, ಗಾಳಿ, ಚರಂಡಿ, ಕಕ್ಕಸುಗಳ ಕುರಿತ ಉಪನ್ಯಾಸ. ಜೋಸೆಫ್ ಭೋರ್ ಸಮಿತಿಯ 1946ರ ವರದಿ ಈ ಕ್ರಮವನ್ನು ಪ್ರಶ್ನಿಸಿತು. ವೈದ್ಯನು ಸಮಾಜದ ವೈದ್ಯನೂ ಆಗಬೇಕೆಂದು ಬಯಸಿದ ಸಮಿತಿ, ಪ್ರತಿಬಂಧಕ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿಯನ್ನು ಶಿಫಾರಸು ಮಾಡಿತು.

ಈ ಆಶಯಕ್ಕೆ ದಿಂಡಿಗಲ್ ಸೀಮೆಯಲ್ಲಿ ಆಕಾರ ಕೊಟ್ಟವರು ವೈದ್ಯಕೀಯ ಕಾಲೇಜಿನ ಹೊರಗಿದ್ದವರು. ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಟಿ.ಎಸ್. ಸೌಂದರಂ ಮತ್ತು ಅವರ ಪತಿ ಜಿ. ರಾಮಚಂದ್ರನ್ 1947ರಲ್ಲಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. 1959ರಲ್ಲಿ ಆತ್ತೂರು ಬ್ಲಾಕಿನಲ್ಲಿ ಪ್ರಾಯೋಗಿಕ ಆರೋಗ್ಯ ಯೋಜನೆ ಆರಂಭವಾಯಿತು. ಅದರ ಮುಂದುವರಿಕೆಯಾಗಿ 1964ರಲ್ಲಿ ಗ್ರಾಮೀಣ ಆರೋಗ್ಯದ ಸಂಶೋಧನೆ ಮತ್ತು ತರಬೇತಿಗೆಂದೇ ಸಂಸ್ಥೆಯೊಂದು ರೂಪುಗೊಂಡಿತು. ಇಲ್ಲಿ ಹಳ್ಳಿಯೇ ಪಾಠಶಾಲೆಯಾಯಿತು.

ಕಾಲೇಜುಗಳು ಈ ದಾರಿಗೆ ಬರಲು ಇನ್ನಷ್ಟು ಕಾಲ ಹಿಡಿಯಿತು. ಪ್ರತಿ ವೈದ್ಯಕೀಯ ಕಾಲೇಜು ಮೂರು ಬ್ಲಾಕುಗಳ ಹೊಣೆ ಹೊರಬೇಕೆಂಬ ಯೋಜನೆ 1977ರಲ್ಲಿ ಬಂದಿತು. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದದ್ದು 2004ರಲ್ಲಿ. ದಿಂಡಿಗಲ್ಲಿನ ಕಾಲೇಜು ಉದ್ಘಾಟನೆಯಾದದ್ದು 2022ರ ಜನವರಿಯಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗವು ಕುಟುಂಬ ದತ್ತು ಕಾರ್ಯಕ್ರಮವನ್ನು ಪಠ್ಯಕ್ರಮಕ್ಕೆ ಸೇರಿಸಿದ್ದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿ ಕೆಲವು ಗ್ರಾಮೀಣ ಕುಟುಂಬಗಳ ಒಡನಾಟವಿಟ್ಟುಕೊಂಡು, ವರ್ಷಗಳುದ್ದಕ್ಕೂ ಅವರ ಆರೋಗ್ಯವನ್ನು ಗಮನಿಸಬೇಕು. ಉಪನ್ಯಾಸದಿಂದ ಬ್ಲಾಕಿಗೆ, ಬ್ಲಾಕಿನಿಂದ ಮನೆಗೆ: ಪಾಠದ ಸ್ಥಳ ಹೀಗೆ ಹತ್ತಿರವಾಗುತ್ತ ಬಂದಿದೆ.

ಭಾಷೆಯ ಪ್ರಶ್ನೆ ಏಳುವುದು ಇಲ್ಲಿಯೇ. ವಿದ್ಯಾರ್ಥಿಯ ಪಠ್ಯಪುಸ್ತಕ ಇಂಗ್ಲಿಷಿನದು, ಅವನ ಪ್ರಶ್ನೆ ತಮಿಳಿನದು, ಕನ್ನಡ ಮನೆಯಲ್ಲಿ ನೋವಿನ ಅನುಭವ ಕನ್ನಡದ್ದು. ಕಳೆದ ಎರಡು ವಾರಗಳಲ್ಲಿ ಮಗುವಿಗೆ ಜ್ವರ ಬಂದಿತ್ತೇ ಎಂಬುದು ಆರೋಗ್ಯ ಸಮೀಕ್ಷೆಗಳ ಪರಿಚಿತ ಪ್ರಶ್ನೆ. ತಮಿಳಿನಲ್ಲಿ ಜ್ವರಕ್ಕೆ ‘ಕಾಯ್ಚಲ್’ ಎನ್ನುತ್ತಾರೆ. ಬರಹದ ಕನ್ನಡದಲ್ಲಿ ಅದಕ್ಕೆ ಸಮೀಪದ ಸದ್ದಿನ ‘ಕಾಯಿಲೆ’ ಯಾವುದೇ ರೋಗಕ್ಕೆ ಸಲ್ಲುವ ಸಾಮಾನ್ಯ ಪದ. ಬಿಸಿಯಾಗು ಎಂಬರ್ಥದ ‘ಕಾಯ್’ ಎರಡೂ ನುಡಿಗಳಲ್ಲಿದೆ. ಶತಮಾನಗಳಿಂದ ತಮಿಳಿನ ನೆರೆಯಲ್ಲಿ ಬಾಳಿದ ಕಣಿವೆಯ ಕನ್ನಡದಲ್ಲಿ ಇಂತಹ ಪದಗಳ ಅರ್ಥದ ಗಡಿ ಎಲ್ಲಿದೆ ಎಂಬುದನ್ನು ನಿಘಂಟು ಹೇಳಲಾರದು, ಮನೆಯವರೇ ಹೇಳಬೇಕು. ಪದ ತಪ್ಪಿದರೆ ಎಣಿಕೆ ತಪ್ಪುತ್ತದೆ. ಆ ತಪ್ಪು ಒಂದೇ ಸಮುದಾಯದ ಉತ್ತರಗಳಲ್ಲಿ ಸೇರಿಕೊಂಡರೆ, ಅಲ್ಲಿನ ರೋಗದ ಪ್ರಮಾಣ ಇದ್ದುದಕ್ಕಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ತೋರುತ್ತದೆ.

ಈ ಜನರೆಲ್ಲ ತಮಿಳು ಬಲ್ಲವರು, ಆದ್ದರಿಂದ ತೊಡಕಿಲ್ಲ ಎಂಬ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಕಣಿವೆಯ ದ್ವಿಭಾಷಿಕತೆ ದಿಟವಾದದ್ದು, ಆಳವಾದದ್ದು. ಆದರೆ ತೊಡಕನ್ನು ಮರೆಮಾಡುವುದೂ ಅದೇ ದ್ವಿಭಾಷಿಕತೆ. ಪ್ರಶ್ನೆಯೇ ಅರ್ಥವಾಗದಿದ್ದರೆ ದುಭಾಷಿಯನ್ನು ಕರೆಯುತ್ತಾರೆ. ಉತ್ತರ ಸರಾಗವಾದ ತಮಿಳಿನಲ್ಲಿ ಬಂದಾಗ, ಹೇಳುವವರು ತಮ್ಮ ಅನುಭವವನ್ನು ಅನುವಾದಿಸಿ ಹೇಳುತ್ತಿದ್ದಾರೆಂಬುದು ಕೇಳುವವರ ಗಮನಕ್ಕೆ ಬರುವುದಿಲ್ಲ. ಅನುವಾದದಲ್ಲಿ ಕಳೆದುಹೋದದ್ದಕ್ಕೆ ನಮೂನೆಯಲ್ಲಿ ಅಂಕಣವಿಲ್ಲ.

ಪರಿಹಾರ ದುಬಾರಿಯಾದದ್ದೇನೂ ಅಲ್ಲ. ಕುಟುಂಬದ ದಾಖಲೆಯಲ್ಲಿ ಮನೆಮಾತಿಗೆ ಒಂದು ಸಾಲು, ರೋಗಕ್ಕೆ ಮನೆಯವರು ಬಳಸಿದ ಪದಕ್ಕೆ ಇನ್ನೊಂದು ಸಾಲು ಸಾಕು. ಹಲವು ವರ್ಷಗಳ ಭೇಟಿಗಳಲ್ಲಿ ಅವು ಕಣಿವೆಯ ಕನ್ನಡದ ರೋಗಪದಕೋಶವೂ ಆದಾವು. ಭಾಷಾ ಸಂಶೋಧಕನೂ ವೈದ್ಯವಿದ್ಯಾರ್ಥಿಯೂ ಒಂದೇ ಹೊಸ್ತಿಲಲ್ಲಿ ಕುಳಿತು ಮಾಡಬಹುದಾದ ಕೆಲಸವಿದು. ಎರಡು ಶತಮಾನಗಳ ಹಿಂದಿನ ಸಮಿತಿ ನೆಲದ ಸಾಕ್ಷ್ಯವನ್ನು ವೈದ್ಯಶಾಸ್ತ್ರದೊಳಗೆ ಸೇರಿಸಿಕೊಂಡಿತು. ಮನೆಮಾತಿನ ಸಾಕ್ಷ್ಯವನ್ನೂ ಹಾಗೆಯೇ ಸೇರಿಸಿಕೊಳ್ಳುವ ಹೊಣೆ ಈಗ ಕುಟುಂಬಗಳನ್ನು ದತ್ತು ಪಡೆದವರ ಮೇಲಿದೆ.